ಅಪ್ಪನ ವೆಬ್ಲಿಯೋ, ಹೊಸ ಅಶನಿಯೋ?

ಆಯುಧಪೂಜೆಯ ದಿನ ಮಹಾಲಕ್ಷ್ಮಿ ಲೇಔಟ್‌ನ ಮನೆಗಳಲ್ಲಿ ಪೂಜೆಗೆ ಇಟ್ಟ ಸಾಮಾನುಗಳನ್ನು ನೋಡಿದರೆ ಆ ಮನೆಯವರ ದುಡಿಮೆ ಏನೆಂದು ಕೇಳಬೇಕಾಗಿಲ್ಲ. ವರ್ನಿಯರ್ ಕ್ಯಾಲಿಪರ್, ಮೈಕ್ರೊಮೀಟರ್, ಸ್ಪ್ಯಾನರ್ ಸೆಟ್ಟು, ಡ್ರಿಲ್ ಬಿಟ್ಟುಗಳು. ಪಕ್ಕದ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೋ ಪೀಣ್ಯದಲ್ಲೋ ಎರಡು ಲೇತ್ ಹಾಕಿಕೊಂಡು ಬದುಕು ಕಟ್ಟಿದ ಕುಟುಂಬಗಳು ಇಲ್ಲಿ ಸಾಕಷ್ಟಿವೆ. ಎಲ್ಲೋ ಒಂದೆರಡು ಮನೆಗಳಲ್ಲಿ ಮಾತ್ರ ಆ ಸಾಲಿನ ತುದಿಗೆ, ಬಿಳಿ ಬಟ್ಟೆಯ ಮೇಲೆ, ಕುಂಕುಮ ತಾಗಿದ ಒಂದು ಸಣ್ಣ ಪಿಸ್ತೂಲು ಇರುತ್ತದೆ.

ಅಂಥ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಅಪ್ಪನಿಗೆ ಎಪ್ಪತ್ತು ದಾಟಿದೆ. ಕಾರ್ಖಾನೆಯಲ್ಲಿ ಶನಿವಾರ ಬಟವಾಡೆ ನಡೆಯುತ್ತಿದ್ದ ಕಾಲದಲ್ಲಿ ಬ್ಯಾಂಕಿನಿಂದ ನಗದು ಚೀಲ ಹಿಡಿದು ಸ್ಕೂಟರಿನಲ್ಲಿ ಬರುತ್ತಿದ್ದವರು ಅವರೇ. ಆಗ ಲೈಸೆನ್ಸ್ ಮಾಡಿಸಿ, ಕೈ ಬದಲಾದ ಮಾಲಾಗಿ ಕೊಂಡದ್ದು ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಪಾಯಿಂಟ್ 32 ಪಿಸ್ತೂಲು. ಈಗ ಲೇತ್ ಅಂಗಡಿ ಮಗನದು. ಲೈಸೆನ್ಸ್ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು ಹೊರಟಾಗ ಅವನೆದುರು ಒಂದು ಪ್ರಶ್ನೆ ಬಂದು ನಿಂತಿದೆ. ಅಪ್ಪನ ವೆಬ್ಲಿಯನ್ನೇ ಉಳಿಸಿಕೊಳ್ಳುವುದೋ, ಸರ್ಕಾರಿ ಕಾರ್ಖಾನೆಯ ಹೊಸದೊಂದನ್ನು ಕೊಳ್ಳುವುದೋ?

ಅಮೆರಿಕದ ಡಲ್ಲಾಸಿನಲ್ಲೋ ಹ್ಯೂಸ್ಟನ್ನಿನಲ್ಲೋ ಇರುವ ಚಿಕ್ಕಪ್ಪನ ಮಗನನ್ನು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ: “ಅಣ್ಣ, ಹಳೇದನ್ನ ಯಾಕೆ ಇಟ್ಕೋತೀಯ? ಇಲ್ಲಿ ಅಂಗೈಯಗಲದ್ದರಲ್ಲಿ ಹತ್ತು ಗುಂಡು ಹಿಡಿಯುತ್ತೆ.” ಅವನು ಹೇಳುವುದು ನಿಜ. ಸೊಂಟದಲ್ಲಿ ಮರೆಯಾಗಿ ಇಟ್ಟುಕೊಳ್ಳುವ ಪುಟ್ಟ ಪಿಸ್ತೂಲುಗಳ ಲೋಕ ಕಳೆದ ಮೂವತ್ತು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. 1995ರಲ್ಲಿ ಆಸ್ಟ್ರಿಯಾದ ಗ್ಲಾಕ್ ಕಂಪನಿ 26 ಎಂಬ ಗಿಡ್ಡ ಮಾದರಿ ತಂದಿತು. ಗುಂಡು ಹತ್ತು ಹಿಡಿಯುತ್ತಿತ್ತು, ಆದರೆ ಮೈ ದಪ್ಪ. 2018ರಲ್ಲಿ ಸಿಗ್ ಸಾವರ್ ಕಂಪನಿಯ ಪಿ365 ಬಂದಾಗ ಅಷ್ಟೇ ಗುಂಡುಗಳು ಸುಮಾರು ಒಂದು ಇಂಚು ದಪ್ಪದ, ಅರ್ಧ ಕಿಲೋ ತೂಕದ ಮೈಯೊಳಗೆ ಕೂತವು. ರೂಗರ್ ಕಂಪನಿಯ ಎಲ್‌ಸಿಪಿ 2008ರಲ್ಲಿ ಆರು ಗುಂಡಿನದಾಗಿತ್ತು. 2021ರ ಎಲ್‌ಸಿಪಿ ಮ್ಯಾಕ್ಸ್ ಹೆಚ್ಚುಕಡಿಮೆ ಅದೇ ಗಾತ್ರದಲ್ಲಿ ಹತ್ತು ಹಿಡಿಯುತ್ತದೆ. ಗುಂಡುಗಳನ್ನು ಮ್ಯಾಗಜೀನಿನಲ್ಲಿ ಒಂದರ ಮೇಲೊಂದು ನೇರ ಜೋಡಿಸುವ ಬದಲು ಚೂರು ಓರೆಯಾಗಿ, ಒಂದೂವರೆ ಸಾಲಿನಷ್ಟು ಹೆಣೆದು ಕೂರಿಸಿದ್ದೇ ಇದರ ಗುಟ್ಟು. ಅಲ್ಲಿ ಹಳೆಯದು-ಹೊಸದರ ಚರ್ಚೆ ನಡೆಯುವುದು ಈ ನಾಲ್ಕು ಗುಂಡುಗಳ ಲೆಕ್ಕದಲ್ಲಿ.

ಇಲ್ಲಿನ ಲೆಕ್ಕ ಶುರುವಾಗುವುದೇ ಬೇರೆ ಕಡೆಯಿಂದ. ಗ್ಲಾಕ್ 26 ಮತ್ತು ಪಿ365 ಎರಡೂ 9 ಎಂಎಂ. ಸೇನೆ, ಪೊಲೀಸರು ಬಳಸುವ 9 ಎಂಎಂ ಗುಂಡಿನ ಪಿಸ್ತೂಲು ಭಾರತದ ಸಾಮಾನ್ಯ ನಾಗರಿಕನಿಗೆ ನಿಷೇಧಿತ ವರ್ಗಕ್ಕೆ ಸೇರಿದ್ದು. ಅದರ ಲೈಸೆನ್ಸ್ ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ, ಕೊಡುವುದು ತೀರಾ ಅಪರೂಪ. ನಗರದ ಪೊಲೀಸ್ ಕಮಿಷನರ್ ಕೊಡುವ ಲೈಸೆನ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಕೈಬಂದೂಕು ಎಂದರೆ ಪಾಯಿಂಟ್ 32. ಹೀಗಾಗಿ ಡಲ್ಲಾಸಿನ ಸಲಹೆ ಎಷ್ಟು ಚೆನ್ನಾಗಿದ್ದರೂ ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ.

ಪಾಯಿಂಟ್ 32 ಎಂಬ ಹೆಸರಿನಲ್ಲೇ ಒಂದು ತೊಡಕಿದೆ, ಮೊದಲ ಸಲ ಕೊಳ್ಳುವವರು ಎಡವುವುದು ಇಲ್ಲೇ. ಆ ಹೆಸರಿನಲ್ಲಿ ಎರಡು ಬೇರೆ ತೋಟಾಗಳಿವೆ. ಒಂದು ರಿವಾಲ್ವರಿನದು, ಉದ್ದನೆಯದು, 1896ರಿಂದ ಬಳಕೆಯಲ್ಲಿರುವ ಸ್ಮಿತ್ ಅಂಡ್ ವೆಸ್ಸನ್ ಲಾಂಗ್. ಇನ್ನೊಂದು ಪಿಸ್ತೂಲಿನದು, ಗಿಡ್ಡನೆಯದು, ಜಾನ್ ಬ್ರೌನಿಂಗ್ ಎಂಬ ಅಮೆರಿಕದ ತಂತ್ರಜ್ಞ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗಾಗಿ 1899ರಲ್ಲಿ ರೂಪಿಸಿದ್ದು. ಯುರೋಪಿನಲ್ಲಿ ಇದರ ಹೆಸರು 7.65. ಒಂದರ ತೋಟಾ ಇನ್ನೊಂದಕ್ಕೆ ಆಗುವುದಿಲ್ಲ. ಅಂದರೆ ಬೆಂಗಳೂರಿನವರು ಇವತ್ತು ಅತಿ ಹೊಸ ಪಿಸ್ತೂಲು ಕೊಂಡರೂ ಅದರೊಳಗೆ ಹೋಗುವ ತೋಟಾದ ವಿನ್ಯಾಸ ಹತ್ತೊಂಬತ್ತನೇ ಶತಮಾನದ್ದು.

ಬೆಲೆಯ ವಿಚಾರ ಇನ್ನೂ ವಿಚಿತ್ರ. ಎಲ್ಲ ಯಂತ್ರಗಳ ಲೋಕದಲ್ಲೂ ಹಳೆಯದಾದಷ್ಟು ಬೆಲೆ ಇಳಿಯುತ್ತದೆ. ಭಾರತದ ಪಿಸ್ತೂಲುಗಳಲ್ಲಿ ಹಾಗಲ್ಲ. 1980ರ ದಶಕದ ಮಧ್ಯಭಾಗದಲ್ಲಿ ನಾಗರಿಕರ ಬಳಕೆಗೆ ವಿದೇಶಿ ಬಂದೂಕು ತರಿಸುವ ಬಾಗಿಲನ್ನು ಸರ್ಕಾರ ಹೆಚ್ಚುಕಡಿಮೆ ಮುಚ್ಚಿತು. ಅದಕ್ಕೂ ಮುಂಚೆ ದೇಶದೊಳಗೆ ಬಂದು ಸೇರಿದ್ದ ವಾಲ್ಥರ್, ವೆಬ್ಲಿ, ಬ್ರೌನಿಂಗ್, ಕೋಲ್ಟ್‌ಗಳೇ ಈಗಲೂ ಕೈಯಿಂದ ಕೈಗೆ ಓಡಾಡುತ್ತಿವೆ. ಸಂಖ್ಯೆ ಹೆಚ್ಚುವುದಿಲ್ಲ, ಕೇಳುವವರು ಕಡಿಮೆಯಾಗುವುದಿಲ್ಲ. ಹೊರದೇಶದಲ್ಲಿ ಹಳೆ ಸಾಮಾನಿನ ಬೆಲೆಗೆ ಸಿಗುವ ಪಿಸ್ತೂಲಿಗೆ ಇಲ್ಲಿ ಲಕ್ಷಗಟ್ಟಲೆ ಕೊಡುತ್ತಾರೆ. ಜನ ಬೆಲೆಯನ್ನೇ ಗುಣವೆಂದು ತಿಳಿಯುವುದು ಸಹಜ. “ಫಾರಿನ್ ಮಾಲು” ಎಂಬ ಮಾತಿಗೆ ಇರುವ ತೂಕ ಬೇರೆ. ಅದರ ಜೊತೆಗೆ ಸಿನಿಮಾ. ಕೈಯಲ್ಲಿ ಪುಟ್ಟ ಪಿಸ್ತೂಲು ಹಿಡಿದ ನಾಯಕನ ಚಿತ್ರವನ್ನು ಕನ್ನಡಿಗರ ಮನಸ್ಸಿನಲ್ಲಿ ಕೂರಿಸಿದ್ದು 1968ರ ‘ಜೇಡರ ಬಲೆ’ ಮತ್ತು ಆಮೇಲೆ ಬಂದ ಸಿಐಡಿ 999 ಚಿತ್ರಗಳು. ಆ ನಾಯಕ ಡಾ. ರಾಜ್‌ಕುಮಾರ್ ಮಲಗಿರುವ ಕಂಠೀರವ ಸ್ಟುಡಿಯೊ ಮಹಾಲಕ್ಷ್ಮಿ ಲೇಔಟ್‌ಗೆ ತೀರಾ ಹತ್ತಿರ.

ಆದರೆ ಪಿಸ್ತೂಲು ಯಂತ್ರ. ಲೇತ್ ಮುಂದೆ ಬೆಳೆದ ಮಗ ಅದನ್ನು ಯಂತ್ರವಾಗಿಯೇ ನೋಡಬೇಕು.

ಅಪ್ಪನ ವೆಬ್ಲಿಯನ್ನು ಮೇಜಿನ ಮೇಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಅದರ ಚೌಕಾಕಾರದ ಮೈ. 1908ರ ಹೊತ್ತಿಗೆ ರೂಪ ಗಟ್ಟಿಯಾದ ಈ ಮಾದರಿಯನ್ನು ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 1911ರಲ್ಲಿ ತಮ್ಮದಾಗಿಸಿಕೊಂಡರು. ಎಂಟು ಗುಂಡು, ಖಾಲಿ ಇದ್ದಾಗ ತೂಕ 570 ಗ್ರಾಂ ಆಸುಪಾಸು, ಉದ್ದ ಆರೂಕಾಲು ಇಂಚು. ಹಿಂದುಗಡೆ ಸುತ್ತಿಗೆ, ನಮ್ಮ ಕೋವಿಯವರ ಮಾತಿನಲ್ಲಿ ‘ಕುದುರೆ’, ಹೊರಗೇ ಕಾಣುತ್ತದೆ. ಈ ಪಿಸ್ತೂಲಿನ ತಯಾರಿಕೆ 1940ರ ಹೊತ್ತಿಗೆ ನಿಂತಿತು. ಎಂದರೆ ಅಪ್ಪ ಕೊಂಡಾಗಲೇ ಅದು ವಯಸ್ಸಿನಲ್ಲಿ ಅಪ್ಪನಿಗಿಂತ ಹಿರಿಯದಾಗಿತ್ತು.

ಹಿಡಿಯ ಬಲಗಡೆಯ ಪಟ್ಟಿಯನ್ನು ಬಿಚ್ಚಿದರೆ ಒಳಗೆ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಮಡಿಚಿದ ಒಂದು ಚಪ್ಪಟೆ ಉಕ್ಕಿನ ಸ್ಪ್ರಿಂಗು. ಈ ಪಿಸ್ತೂಲಿನ ಪ್ರಾಣ ಇರುವುದು ಅದರಲ್ಲಿ. ಬಹುತೇಕ ಪಿಸ್ತೂಲುಗಳಲ್ಲಿ ಸುರುಳಿ ಸ್ಪ್ರಿಂಗ್ ನಳಿಗೆಯ ಸುತ್ತಲೋ ಕೆಳಗೋ ಇದ್ದರೆ, ವೆಬ್ಲಿಯವರು ಅದನ್ನು ಹಿಡಿಯೊಳಗೆ ಮಡಿಚಿಟ್ಟರು. ಪಾಯಿಂಟ್ 32ರ ಪಿಸ್ತೂಲುಗಳು ಕೆಲಸ ಮಾಡುವ ರೀತಿ ಸರಳ. ಗುಂಡು ಸಿಡಿದಾಗ ಅದೇ ಒತ್ತಡ ಖಾಲಿ ತೋಟಾವನ್ನು ಹಿಂದಕ್ಕೆ ತಳ್ಳುತ್ತದೆ, ತೋಟಾ ಮೇಲಿನ ಸ್ಲೈಡನ್ನು ತಳ್ಳುತ್ತದೆ. ಆ ಗಳಿಗೆಯಲ್ಲಿ ಸ್ಲೈಡನ್ನು ಹಿಡಿದಿಡುವ ಬೇರೆ ಕೊಂಡಿಯಿಲ್ಲ. ಸ್ಲೈಡಿನ ಸ್ವಂತ ಭಾರ ಮತ್ತು ಸ್ಪ್ರಿಂಗಿನ ಬಿಗಿ, ಇವೆರಡೇ. ಸ್ಪ್ರಿಂಗ್ ಸೋತರೆ ಸ್ಲೈಡ್ ಬೇಗ ತೆರೆದು ಜೋರಾಗಿ ಹಿಂದಕ್ಕೆ ಬಡಿಯುತ್ತದೆ, ಚೌಕಟ್ಟಿನಲ್ಲಿ ಬಿರುಕು ಹುಟ್ಟುತ್ತದೆ, ಮುಂದೆ ಬರುವಾಗ ತೋಟಾವನ್ನು ಸರಿಯಾಗಿ ಕೂರಿಸುವುದಿಲ್ಲ. ಚಪ್ಪಟೆ ಸ್ಪ್ರಿಂಗ್ ಸುರುಳಿಯ ಹಾಗೆ ಮೆಲ್ಲಮೆಲ್ಲನೆ ಸೋಲುವುದೂ ಇಲ್ಲ, ಮಡಿಕೆಯ ಜಾಗದಲ್ಲಿ ಒಂದು ದಿನ ಟಕ್ಕೆಂದು ಮುರಿಯುತ್ತದೆ.

ಮಗನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಲೋಹ ದಣಿಯುತ್ತದೆ ಎಂಬುದು ಅವನ ದಿನನಿತ್ಯದ ಅನುಭವ. ಎಣ್ಣೆ ಹಾಕಿ ಪಾಲಿಶ್ ಮಾಡಿದ ಹೊರಮೈ ಎಷ್ಟು ಹೊಳೆದರೂ ಒಳಗಿನ ಉಕ್ಕಿನ ವಯಸ್ಸು ಕಡಿಮೆಯಾಗುವುದಿಲ್ಲ. ಹಳೆಯದನ್ನು ಪರೀಕ್ಷಿಸುವವರು ನೋಡಬೇಕಾದ ಜಾಗಗಳು ಇವು: ಖಾಲಿ ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣುತ್ತವೆಯೋ, ತುಕ್ಕು ತಿಂದು ಗುಳಿ ಬಿದ್ದಿವೆಯೋ, ಫೈರಿಂಗ್ ಪಿನ್ನಿನ ಮೂತಿ ಸವೆದಿದೆಯೋ, ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಜಾರುತ್ತದೆಯೋ, ಮ್ಯಾಗಜೀನಿನ ತುಟಿ ಅಗಲವಾಗಿದೆಯೋ. ಕೊನೆಯದನ್ನು ಹೆಚ್ಚಿನವರು ಅಲಕ್ಷ್ಯ ಮಾಡುತ್ತಾರೆ. ಹಳೆ ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಹಾಕಿಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಮ್ಯಾಗಜೀನನ್ನು. ಬಿಡಿ ಮ್ಯಾಗಜೀನ್ ಸಿಗುವುದು ಬಲು ಕಷ್ಟ.

ಇನ್ನೂ ದೊಡ್ಡ ಮಾತು, ಕೈತಪ್ಪಿ ಬಿದ್ದರೆ ಏನಾಗುತ್ತದೆ ಎನ್ನುವುದು. ಮನೆಯಲ್ಲಿಡುವ ಪಿಸ್ತೂಲಿಗೂ ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲಿಗೂ ಇರುವ ವ್ಯತ್ಯಾಸ ಇದೊಂದೇ ಎಂದರೂ ತಪ್ಪಿಲ್ಲ. ಸೊಂಟದ್ದು ಕಾರಿನಲ್ಲಿ ಕೂರುವಾಗ ಜಾರುತ್ತದೆ, ಬಚ್ಚಲಿನಲ್ಲಿ ಕಳಚಿಡುವಾಗ ಬೀಳುತ್ತದೆ. ಶತಮಾನದ ಹಿಂದಿನ ಬಹುತೇಕ ಪುಟ್ಟ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ನನ್ನು ಅಡ್ಡಗಟ್ಟಿ ಹಿಡಿಯುವ ಬಿಲ್ಲೆ ಇಲ್ಲ. ಇರುವುದು ಬೆರಳಿನಿಂದ ತಿರುಗಿಸುವ ಸೇಫ್ಟಿ ಲಾಕ್ ಅಥವಾ ಹಿಡಿಯನ್ನು ಅದುಮಿದರೆ ಮಾತ್ರ ಬಿಡುವ ಲಾಕ್. ಅವು ಟ್ರಿಗರನ್ನು ತಡೆಯುತ್ತವೆ. ನಳಿಗೆಯ ಮೇಲೆ ಬಿದ್ದ ಏಟಿಗೆ ಪಿನ್ನು ತಾನಾಗಿ ಮುನ್ನುಗ್ಗುವುದನ್ನು ಎಲ್ಲವೂ ತಡೆಯುವುದಿಲ್ಲ. ಆದ್ದರಿಂದಲೇ ತಿಳಿದವರು ಹಳೆಯ ಪಿಸ್ತೂಲನ್ನು ನಳಿಗೆಯಲ್ಲಿ ತೋಟಾ ಇಟ್ಟುಕೊಂಡು ಓಡಾಡುವುದಿಲ್ಲ. ಹಾಗೆ ಇಡದಿದ್ದರೆ ಅಪಾಯದ ಗಳಿಗೆಯಲ್ಲಿ ಎರಡೂ ಕೈ ಬಳಸಿ ಸ್ಲೈಡ್ ಎಳೆಯಬೇಕು. ಎಡಗೈಯಲ್ಲಿ ನಗದು ಚೀಲ ಹಿಡಿದವನಿಗೆ ಎರಡನೇ ಕೈ ಎಲ್ಲಿಂದ ಬರಬೇಕು?

ಹಾಗೆಂದು ಹೊಸದೆಲ್ಲ ಭದ್ರ ಎಂದುಕೊಂಡರೆ ಅದೂ ಮೋಸವೇ. ರೂಗರ್ ಎಲ್‌ಸಿಪಿ ಮಾರುಕಟ್ಟೆಗೆ ಬಂದ 2008ನೇ ಇಸವಿಯಲ್ಲೇ ಕಂಪನಿ ಆರಂಭದ ಸರಣಿಯ ಪಿಸ್ತೂಲುಗಳನ್ನು ವಾಪಸ್ ಕರೆಸಿಕೊಂಡಿತು. ನಳಿಗೆಯಲ್ಲಿ ಗುಂಡಿದ್ದಾಗ ಗಟ್ಟಿ ನೆಲಕ್ಕೆ ಬಿದ್ದರೆ ಸಿಡಿಯುವ ಸಾಧ್ಯತೆ ಇತ್ತು. ಸಿಗ್ ಸಾವರ್ ತನ್ನ ಪಿ320 ಮಾದರಿಗೆ 2017ರ ಆಗಸ್ಟ್‌ನಲ್ಲಿ ಇಂಥದೇ ಕಾರಣಕ್ಕೆ ಉಚಿತ ಮಾರ್ಪಾಡು ಘೋಷಿಸಿತು. ಎರಡೂ ಹೆಸರಾಂತ ಕಂಪನಿಗಳು. ಹೊಸ ಕಾರಿನ ಮೊದಲ ಕಂತನ್ನು ಕೊಳ್ಳಬೇಡಿ, ಒಂದೆರಡು ವರ್ಷ ಕಾಯಿರಿ ಎಂದು ಮೆಕ್ಯಾನಿಕ್‌ಗಳು ಹೇಳುವ ಬುದ್ಧಿಮಾತು ಪಿಸ್ತೂಲಿಗೆ ಇನ್ನಷ್ಟು ಗಟ್ಟಿಯಾಗಿ ಅನ್ವಯಿಸುತ್ತದೆ. ಅತಿ ಹಳೆಯದೂ ಅಲ್ಲದ, ಅತಿ ಹೊಸದೂ ಅಲ್ಲದ, ಸಾವಿರಾರು ಜನ ಬಳಸಿ ದೋಷ ತಿದ್ದಿಸಿಕೊಂಡ ಮಾದರಿಯೇ ಎಲ್ಲ ದೇಶದಲ್ಲೂ ಮೇಲು.

ನಮ್ಮ ದೇಶದ ಹೊಸ ಸಾಲಿನಲ್ಲಿ ಆಯ್ಕೆ ಹೆಚ್ಚಿಲ್ಲ. ಬಂಗಾಳದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ ಪಾಯಿಂಟ್ 32 ಪಿಸ್ತೂಲಿನ ಹೆಸರು ಅಶನಿ. ಕನ್ನಡ ಕಾವ್ಯ ಓದಿದವರಿಗೆ ಈ ಪದದ ಪರಿಚಯ ಇದ್ದೇ ಇರುತ್ತದೆ. ಅಶನಿ ಎಂದರೆ ಸಿಡಿಲು. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯದು ಆರು ಗುಂಡಿನ ಪಾಯಿಂಟ್ 32 ರಿವಾಲ್ವರ್. ಬ್ರಿಟಿಷರ ಕಾಲದ ಪಾಯಿಂಟ್ 38 ವೆಬ್ಲಿ ರಿವಾಲ್ವರನ್ನೇ ಅಚ್ಚಾಗಿಟ್ಟುಕೊಂಡದ್ದು, ಗುಂಡು ತುಂಬಲು ನಡುವೆ ಮುರಿದಂತೆ ಮುಂದಕ್ಕೆ ಬಾಗುತ್ತದೆ. 2014ರ ಜನವರಿಯಲ್ಲಿ ಇದೇ ಊರಿನಿಂದ ‘ನಿರ್ಭೀಕ್’ ಬಂತು. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿನಲ್ಲಿ, ಹೆಂಗಸರ ಕೈಚೀಲಕ್ಕೆಂದು ಟೈಟಾನಿಯಂ ಮಿಶ್ರಲೋಹ ಬಳಸಿ ತೂಕವನ್ನು ಅರ್ಧ ಕಿಲೋ ಆಸುಪಾಸಿಗೆ ಇಳಿಸಿದ್ದರು. ಆಗಿನ ಬೆಲೆ 1,22,360 ರೂಪಾಯಿ. ಹೆಸರಿನ ಹಿಂದೆ ಅಷ್ಟು ನೋವಿದ್ದರೂ, ಒಂದು ಲಕ್ಷ ಮೀರಿದ ಬೆಲೆಯ ವಸ್ತು ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳ ಕೈಗೆ ತಲುಪುವುದಾದರೂ ಹೇಗೆ ಎಂಬ ಪ್ರಶ್ನೆಯನ್ನು ಆಗಲೇ ಅನೇಕರು ಕೇಳಿದರು. ಆ ಪ್ರಶ್ನೆ ಈಗಲೂ ಹಾಗೇ ಇದೆ.

2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಏಳು ಸರ್ಕಾರಿ ಕಂಪನಿಗಳಾಗಿ ಒಡೆಯಿತು. ಸಣ್ಣ ಬಂದೂಕುಗಳ ಪಾಲು ಕಾನ್ಪುರ ಮೂಲದ ಎಡಬ್ಲ್ಯುಇಐಎಲ್‌ಗೆ ಬಂತು. ಅದು 2023ರ ಆಗಸ್ಟ್‌ನಲ್ಲಿ ತಂದ ‘ಪ್ರಬಲ್’ ಎಂಬ ಪಾಯಿಂಟ್ 32 ರಿವಾಲ್ವರಿನಲ್ಲಿ ಗುಂಡಿನ ಉರುಳೆ ಪಕ್ಕಕ್ಕೆ ಹೊರಳುತ್ತದೆ. ನಳಿಗೆ 76 ಮಿಲಿಮೀಟರ್, ತೂಕ ಸುಮಾರು 700 ಗ್ರಾಂ. ನಡುವೆ ಬಾಗುವ ರಿವಾಲ್ವರಿನಲ್ಲಿ ಕೀಲು ಸವೆದಂತೆ ನಳಿಗೆಗೂ ಉರುಳೆಗೂ ಹೊಂದಿಕೆ ತಪ್ಪುವ ಭಯ ಇರುತ್ತದೆ. ಪಕ್ಕಕ್ಕೆ ಹೊರಳುವುದರಲ್ಲಿ ಚೌಕಟ್ಟು ಇಡಿಯಾಗಿ ಉಳಿಯುತ್ತದೆ. ಹೊರದೇಶಗಳಲ್ಲಿ ನೂರು ವರ್ಷ ಹಳೆಯದಾದ ಈ ಏರ್ಪಾಡು ಇಲ್ಲಿ ಹೊಸತನ ಎನಿಸಿತು.

ಹಾಗಾದರೆ ಮಗ ಯಾವುದನ್ನು ತೆಗೆದುಕೊಳ್ಳಬೇಕು? ಅಂಕಣದ ಅಭಿಪ್ರಾಯ ಸ್ಪಷ್ಟ. ಮೈಮೇಲೆ ಇಟ್ಟುಕೊಂಡು ಓಡಾಡಲೇಬೇಕಾದ ಅಗತ್ಯ ನಿಜವಾಗಿ ಇದ್ದರೆ, ಇತ್ತೀಚಿನ ತಯಾರಿಕೆಯ ರಿವಾಲ್ವರ್. ಕಾರಣ ಬೆಲೆಯೂ ಅಲ್ಲ, ಅಂದವೂ ಅಲ್ಲ. ನಗರದ ನಾಗರಿಕ ವರ್ಷಕ್ಕೆ ಹತ್ತಿಪ್ಪತ್ತು ಗುಂಡು ಹಾರಿಸಿದರೆ ಹೆಚ್ಚು. ಅಷ್ಟು ಕಡಿಮೆ ಅಭ್ಯಾಸದ ಕೈಗೆ ಗಾಬರಿಯಲ್ಲಿ ಸೇಫ್ಟಿ ಲಾಕ್ ತೆಗೆಯುವುದು, ಸ್ಲೈಡ್ ಎಳೆಯುವುದು, ಸಿಕ್ಕಿಕೊಂಡ ತೋಟಾ ಬಿಡಿಸುವುದು ಸಾಧ್ಯವಾಗದ ಮಾತು. ಗುಂಡು ಹುಸಿಯಾದರೆ ಪಿಸ್ತೂಲು ಅಲ್ಲಿಗೇ ನಿಲ್ಲುತ್ತದೆ. ರಿವಾಲ್ವರಿನಲ್ಲಿ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಮುಂದಿನ ಗುಂಡು ಎದುರಿಗೆ ಬಂದು ನಿಲ್ಲುತ್ತದೆ. ಅದರ ಟ್ರಿಗರ್ ಎಳೆತ ಉದ್ದ ಮತ್ತು ಬಿಗಿ, ಇದನ್ನು ಕೊರತೆ ಎನ್ನುವವರಿದ್ದಾರೆ. ಬೆರಳು ತಪ್ಪಿ ತಾಗಿದರೆ ಸಿಡಿಯದಿರುವುದಕ್ಕೂ ಅದೇ ಬಿಗಿ ಕಾರಣ. ಅಶನಿಯೇ ಬೇಕೆನ್ನುವವರು ಹೊಸ ಮಾರ್ಕಿನದನ್ನೇ ನೋಡಬೇಕು, ಅಂಗಡಿಯಲ್ಲಿ ಒಂದಲ್ಲ ನಾಲ್ಕು ಕೈಗೆತ್ತಿಕೊಂಡು ಸ್ಲೈಡಿನ ಓಟ, ಟ್ರಿಗರಿನ ಎಳೆತ ಹೋಲಿಸಬೇಕು. ಒಂದೇ ಕಾರ್ಖಾನೆಯ ಎರಡು ತುಂಡು ಒಂದೇ ತರ ಇರುತ್ತವೆಂದು ನಂಬಬಾರದು ಎಂಬುದನ್ನು ಲೇತ್ ಅಂಗಡಿಯವನಿಗೆ ಹೇಳಿಕೊಡಬೇಕಾಗಿಲ್ಲ.

ತೋಟಾ ಕೂಡ ಗಮನಿಸಬೇಕಾದದ್ದು. ಅಂಗಡಿಯಲ್ಲಿ ಸಿಗುವ ದೇಶಿ ತೋಟಾದ ಹಿಂಬದಿಯಲ್ಲಿ ‘ಕೆಎಫ್’ ಎಂದು ಮುದ್ರೆ ಇರುತ್ತದೆ. ಪುಣೆಯ ಖಡಕಿ ಕಾರ್ಖಾನೆಯ ಗುರುತು ಅದು. ಹಳೆಯ ವಿದೇಶಿ ಪಿಸ್ತೂಲು ಈ ತೋಟಾದೊಂದಿಗೆ ಹೊಂದುತ್ತದೆಯೇ ಎಂದು ಫೈರಿಂಗ್ ರೇಂಜಿನಲ್ಲಿ ಹಾರಿಸಿ ನೋಡದೆ ಹೇಳಲು ಬರುವುದಿಲ್ಲ. ಸೋತ ಸ್ಪ್ರಿಂಗಿನ ಪಿನ್ನು ಗಟ್ಟಿ ಪ್ರೈಮರಿನ ಮೇಲೆ ಹಗುರಾಗಿ ತಟ್ಟಿ ಸುಮ್ಮನಾಗಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸ ಲೈಸೆನ್ಸಿಗೆ ಸುರಕ್ಷತಾ ತರಬೇತಿಯನ್ನು ಕಡ್ಡಾಯ ಮಾಡಿದ್ದು ಒಳ್ಳೆಯ ಹೆಜ್ಜೆ. ಜಿಲ್ಲೆಗಳಲ್ಲಿ ಪೊಲೀಸರ ಸಶಸ್ತ್ರ ಮೀಸಲು ಪಡೆ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸುವ ರೂಢಿ ಕರ್ನಾಟಕದಲ್ಲಿ ಹಿಂದಿನಿಂದಲೂ ಇದೆ. ಅಲ್ಲಿ ಒಂದು ಬೆಳಿಗ್ಗೆ ಕಳೆದವರಿಗೆ ಸಿನಿಮಾದ ಪಿಸ್ತೂಲು ಎಷ್ಟು ಸುಳ್ಳು ಎಂಬುದು ಹದಿನೈದು ಗಜ ದೂರದ ಹಲಗೆಯ ಮುಂದೆಯೇ ಅರಿವಾಗುತ್ತದೆ.

ಕಾನೂನಿನ ಕಡೆಗೆ ಬಂದರೆ, ಅಪ್ಪನಿಂದ ಮಗನಿಗೆ ಬರುವ ದಾರಿ ತೆರೆದೇ ಇದೆ. ಲೈಸೆನ್ಸುದಾರ ತೀರಿಕೊಂಡರೆ ಮಾತ್ರವಲ್ಲ, ಅವರಿಗೆ 70 ತುಂಬಿದಾಗ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದಾಗ ಕಾನೂನುಬದ್ಧ ವಾರಸುದಾರ ಅದನ್ನು ತನ್ನ ಹೆಸರಿಗೆ ಕೋರಬಹುದು ಎಂದು 2016ರ ನಿಯಮ ಹೇಳುತ್ತದೆ. ಕೋರಬಹುದು ಅಷ್ಟೇ, ಠಾಣೆಯ ವರದಿ, ತರಬೇತಿ ಪತ್ರ, ಮನೆಯಲ್ಲಿ ಭದ್ರವಾಗಿ ಇಡುವ ಏರ್ಪಾಡು ಎಲ್ಲವೂ ಮಗನ ಹೆಸರಿನಲ್ಲಿ ಹೊಸದಾಗಿ ಆಗಬೇಕು. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಹಾಗಾಗಿ ಅಪ್ಪನದನ್ನು ಉಳಿಸಿಕೊಂಡು ಹೊಸದೊಂದನ್ನು ಕೊಳ್ಳಲು ಜಾಗ ಇದೆ, ಮೂರನೆಯದಕ್ಕೆ ಇಲ್ಲ. ಮಾರಬೇಕೆಂದರೂ ಅವಸರ ಸಲ್ಲದು. ಖಾಸಗಿಯಾಗಿ ಇನ್ನೊಬ್ಬ ಲೈಸೆನ್ಸುದಾರರಿಗೆ ಮಾರುವ ಮೊದಲು ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕೆಂದು 1959ರ ಕಾಯ್ದೆ ಹೇಳುತ್ತದೆ.

ಇಟ್ಟುಕೊಂಡು ಓಡಾಡುವುದಕ್ಕೂ ಕಟ್ಟುಪಾಡುಗಳಿವೆ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಚೀಲದೊಳಗೆ, ಮುಚ್ಚಿಕೊಂಡೇ ಇರಬೇಕು, ಎತ್ತಿ ತೋರಿಸುವಂತಿಲ್ಲ. ಮಹಾಲಕ್ಷ್ಮಿ ಮೆಟ್ರೊ ನಿಲ್ದಾಣದ ತಪಾಸಣೆ ಯಂತ್ರದ ಆಚೆಗೆ ಅದಕ್ಕೆ ಪ್ರವೇಶವಿಲ್ಲ. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಎಂದು ಬರೆದಿದ್ದರೆ ತಿರುಪತಿಗೆ ಹೊರಟ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದು ಇದ್ದರೆ ಗಡಿ ದಾಟಿದ ಕೂಡಲೇ ಅಪರಾಧ. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಚುನಾವಣೆ ಘೋಷಣೆಯಾದರೆ ಠಾಣೆಗೆ ಕೊಟ್ಟು ರಸೀದಿ ಪಡೆಯಬೇಕಾದ ಸಂದರ್ಭವೂ ಬರುತ್ತದೆ.

ಕೊಡಗಿನ ಚಿತ್ರ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕೊಡಗಿನ ಸಂಪ್ರದಾಯದಲ್ಲಿರುವುದು ಕೈಲ್ ಪೊಳ್ದ್‌ನ ದಿನ ಹೂವೇರಿಸಿ ಪೂಜಿಸುವ ಉದ್ದನೆಯ ಕೋವಿ. ಸೊಂಟದಲ್ಲಿ ಅಡಗುವ ಕೈಬಂದೂಕು ಪೇಟೆಯ ವಸ್ತು, ಅದರ ಭಯವೂ ಪೇಟೆಯದೇ. ಉಳಿದವರಿಗೆ ಬಂದೂಕು ಹಕ್ಕಲ್ಲ, ಕಾಯ್ದೆ ಕೊಡುವ ಅನುಮತಿ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ಬಿ.ವಿ. ನಾಗರತ್ನ ಅವರ ಪೀಠ ಈ ವ್ಯತ್ಯಾಸವನ್ನು ಅಮೆರಿಕದ ಹೆಸರು ತೆಗೆದೇ ಹೇಳಿತು.

ಪಾಯಿಂಟ್ 32 ಎಂದರೆ ಸಣ್ಣದು, ಹೆದರಿಸಲಷ್ಟೇ ಎಂದು ಹೇಳುವವರ ಮಾತು ಕೇಳಿದಾಗ ಪಶ್ಚಿಮ ಬೆಂಗಳೂರಿನವರಿಗೆ ನೆನಪಾಗಬೇಕಾದ ಒಂದು ಸಂಜೆ ಇದೆ. 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿ ನಗರದ ತಮ್ಮ ಮನೆಯ ಬಾಗಿಲಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಬಿದ್ದದ್ದು 7.65ರ ಗುಂಡಿಗೆ, ಅದೂ ಲೈಸೆನ್ಸ್ ಇಲ್ಲದ ನಾಡ ಪಿಸ್ತೂಲಿನಿಂದ. ಎರಡು ವರ್ಷ ಮುಂಚೆ, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಕೊಂದದ್ದೂ ಅದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಕಂಡುಕೊಂಡಿತು. ಸಿಡಿದ ಗುಂಡಿನ ಮೈಮೇಲೆ ನಳಿಗೆಯ ಗೆರೆ, ಖಾಲಿ ತೋಟಾದ ಹಿಂಬದಿಯಲ್ಲಿ ಪಿನ್ನಿನ ಗುರುತು, ಇವು ಪ್ರತಿ ಬಂದೂಕಿಗೂ ಬೇರೆ ಬೇರೆ. ಒಂದು ಗುಂಡಿನ ತೂಕ ನಾಲ್ಕೂವರೆ ಗ್ರಾಂನಷ್ಟು. ಅಷ್ಟರಲ್ಲಿ ಈ ನಾಡು ಕಳೆದುಕೊಂಡದ್ದನ್ನು ತೂಗಲು ತಕ್ಕಡಿ ಇಲ್ಲ. ಮಕ್ಕಳಿರುವ ಮನೆಯಲ್ಲಿ ಕಪಾಟಿನ ಬೀಗದ ಬಗ್ಗೆ ಮಾತಾಡುವಾಗಲೂ ಇದು ಮನಸ್ಸಿನಲ್ಲಿರಬೇಕು.

ಮಹಾಲಕ್ಷ್ಮಿ ಲೇಔಟ್‌ನ ಆ ಮನೆಯಲ್ಲಿ ವೆಬ್ಲಿಯ ಸ್ಪ್ರಿಂಗು ಕಾಗದದ ಮೇಲಿದೆ. ಮಡಿಕೆಯ ಒಳಬದಿಯಲ್ಲಿ ಕೂದಲೆಳೆಯಷ್ಟು ಗೆರೆ, ಭೂತಗನ್ನಡಿಯಲ್ಲಿ ಮಾತ್ರ ಕಾಣುವಂಥದು. ಅಂಥ ಸ್ಪ್ರಿಂಗನ್ನು ಉಕ್ಕಿನ ಪಟ್ಟಿಯಿಂದ ಬಾಗಿಸಿ ಹದ ಹಾಕಿ ಕೊಡುವುದು ಮಗನಿಗೆ ಅರ್ಧ ದಿನದ ಕೆಲಸ. ಆದರೆ ಅದನ್ನು ಮಾಡುವಂತಿಲ್ಲ. ಬಂದೂಕಿನ ಬಿಡಿಭಾಗ ತಯಾರಿಕೆಗೂ ರಿಪೇರಿಗೂ ಬೇರೆಯದೇ ಲೈಸೆನ್ಸ್ ಬೇಕು, ಕಾಯ್ದೆಯ ಕಣ್ಣಿನಲ್ಲಿ ಬಿಡಿಭಾಗವೂ ಆಯುಧವೇ. ಲೈಸೆನ್ಸ್ ಇರುವ ಅಂಗಡಿಯ ಕುಶಲಕರ್ಮಿಗೇ ಒಯ್ಯಬೇಕು.

“ಸಂಬಳ ಎಲ್ಲಾ ಈಗ ಫೋನಲ್ಲೇ ಹಾಕ್ತೀಯಲ್ಲೋ, ಚೀಲ ಎಲ್ಲಿದೆ?” ಎಂದು ಅಪ್ಪ ಕೇಳುತ್ತಾರೆ.

ಮಗ ಸ್ಪ್ರಿಂಗನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಹಿಡಿಯ ಪಟ್ಟಿಯನ್ನು ಅದರ ಸ್ಕ್ರೂ ಜೊತೆ ಬೇರೆಯಾಗಿ ಕಟ್ಟಿ, ಲೈಸೆನ್ಸ್ ಪುಸ್ತಕದಲ್ಲಿರುವ ನಂಬರನ್ನು ಪಿಸ್ತೂಲಿನ ಮೈಮೇಲಿನ ನಂಬರಿನೊಂದಿಗೆ ಒಂದೊಂದೇ ಅಂಕಿ ಹಿಡಿದು ತಾಳೆ ನೋಡತೊಡಗುತ್ತಾನೆ. ಹೊಸದರ ಅರ್ಜಿ ಇನ್ನೂ ಖಾಲಿಯಾಗಿಯೇ ಪಕ್ಕದಲ್ಲಿದೆ.